ಬಿಟ್ಟುಹೋದ ಹಟ್ಟಿಯಲ್ಲಿ ಹೊಗೆ ಹಾಕುವ ನಕಿರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತುರ್ಕಾನಾ ಸೀಮೆಯ ಈ ಬಯಲಲ್ಲಿ ನಿನ್ನೆ ಸಂಜೆಯವರೆಗೂ ಒಂದು ಹಟ್ಟಿ ಇತ್ತು. ಈಗ ಉಳಿದಿರುವುದು ಮುಳ್ಳುಬೇಲಿ, ಆಡಿನ ಹಿಕ್ಕೆ, ಆರಿದ ಒಲೆಗಳು, ಒಂದು ಪುಟ್ಟ ಹೊಸ ಕಲ್ಲುಗುಪ್ಪೆ. ಮತ್ತೆ ನಕಿರು ಅಜ್ಜಿ. ಪಟ್ಟಣದಿಂದ ಹಟ್ಟಿಗೆ ಬಂದಿದ್ದ ನಾನೂ ಈ ಸಲ ಆಕೆಯ ಜೊತೆ ಉಳಿದಿದ್ದೇನೆ. ಆಕೆ ಒಣಮುಳ್ಳಿಗೆ ಕಡ್ಡಿ ಗೀರುತ್ತಾಳೆ, ಉರಿ ಹತ್ತಿದ ಮೇಲೆ ಹಸಿ ಸೊಪ್ಪು ಹೇರುತ್ತಾಳೆ. ದಟ್ಟ ಹೊಗೆ ಏಳುತ್ತದೆ. ಗಾಳಿ ಅದನ್ನು ಕಲ್ಲುಗುಪ್ಪೆಯ ಕಡೆಗೇ ಒತ್ತುತ್ತದೆ. ಅಜ್ಜಿ ಎದ್ದು ಹೋಗಿ, ಹೊಗೆಗೂ ಕಲ್ಲಿಗೂ ನಡುವೆ ಕೂರುತ್ತಾಳೆ. ಆಡಿನ ಚರ್ಮವೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಅಡ್ಡ ಹಿಡಿಯುತ್ತಾಳೆ. ಕೆಮ್ಮುತ್ತಾಳೆ. ಈಚೆ ಬಾ ಎಂದರೆ ಬರುವುದಿಲ್ಲ.

"ನೀನು ಆ ಕಡೆ ನೋಡ್ತಿರು ಮಗ. ಧೂಳು ಎದ್ರೆ ಹೇಳು. ನನ್ನ ಕಣ್ಣು ಈ ಹೊಗೇಲೇ ಹೋಗಿದೆ."

ಕಾಯುತ್ತಿರುವುದು ನೀರಿನ ಲಾರಿಗೆ.

ನಿನ್ನೆ ನಮ್ಮ ಹಟ್ಟಿಯ ನಮೊನಿಯ ಮಗ ಸತ್ತ. ಆ ಕಲ್ಲುಗುಪ್ಪೆಯ ಕೆಳಗಿರುವುದು ಅವನೇ. ಇನ್ನೂ ಹಾಲು ಬಿಡದ ಕೂಸು. ಹಳ್ಳದ ತಳದ ಕೆಸರು ನೀರು ಕುಡಿದು ಭೇದಿ ಹಿಡಿದಿತ್ತು. ಅವನ ಅಕ್ಕನಿಗೂ ಅದೇ ಶುರುವಾಗಿದೆ. ಸಾವಾದ ಹಟ್ಟಿಯಲ್ಲಿ ನಮ್ಮವರು ರಾತ್ರಿ ಕಳೆಯುವುದಿಲ್ಲ. ಕತ್ತೆಗಳ ಮೇಲೆ ಹೇರಿಕೊಂಡು ಹೊರಟುಬಿಡುತ್ತಾರೆ. ಬಿಟ್ಟ ಜಾಗದಲ್ಲಿ ಬೆಂಕಿ ಹೊತ್ತಿಸುವುದಂತೂ ಇಲ್ಲವೇ ಇಲ್ಲ. ಸತ್ತವರು ಹೊಗೆ ಕಂಡು, ಮನೆ ಇನ್ನೂ ಇದೆ ಎಂದುಕೊಂಡು ಎದ್ದು ಬರುತ್ತಾರೆ, ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ ಎಂಬ ಭಯ.

ನೆರವಿನ ಸಂಸ್ಥೆಯವರ ಲಾರಿಗೆ ಈ ಭಯ ಗೊತ್ತಿಲ್ಲ. ವಾರಕ್ಕೊಮ್ಮೆ, ಹೋದ ಸಲ ಸುರಿದ ಜಾಗಕ್ಕೇ ಬರುತ್ತದೆ. ಜನ ಕಂಡರೆ ನೀರು, ಕಾಣದಿದ್ದರೆ ಟ್ಯಾಂಕು ತುಂಬಿದ್ದಂತೆಯೇ ವಾಪಸು. ಹೆಜ್ಜೆ ಹಿಡಿದು ಹುಡುಕೋಣವೆಂದರೆ ಈ ಗಾಳಿ ಹೆಜ್ಜೆ ಉಳಿಸುವುದಿಲ್ಲ. ಇಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಪಟ್ಟಣದ ಕಚೇರಿಯಲ್ಲಿ ಕೇಳಿ ನೋಡಿ: "ನಿಮ್ಮ ಜನ ಒಂದು ಕಡೆ ನಿಲ್ಲಲಿ" ಅನ್ನುತ್ತಾರೆ. ಮೇವು ಒಂದು ಕಡೆ ನಿಲ್ಲುತ್ತದೆಯೇ? ಮೋಡ ನಿಲ್ಲುತ್ತದೆಯೇ? ಸಾವು ನಿಲ್ಲುತ್ತದೆಯೇ? ಲಾರಿಯ ಮೈಮೇಲೆ 'ಅಲೆಮಾರಿಗಳಿಗಾಗಿ' ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಾರೆ. ಅಲೆಮಾರಿ ಒಂದು ಹೆಜ್ಜೆ ಅಲೆದನೋ, ನೀರಿಲ್ಲ!

ಅದಕ್ಕೇ ಪ್ರತಿ ಸಾವಿಗೂ ಈ ಮುದುಕಿ ಒಬ್ಬಳೇ ಹಿಂದೆ ಉಳಿಯುತ್ತಾಳೆ. ಹೊಗೆ ಹಾಕಿ ಲಾರಿ ಹಿಡಿಯುತ್ತಾಳೆ, ಹತ್ತಿ ಕೂತು ಹೊಸ ಹಟ್ಟಿಗೆ ದಾರಿ ತೋರಿಸುತ್ತಾಳೆ. ಇದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ. ಟ್ಯಾಂಕಿನ ತಳದಲ್ಲಿ ಉಳಿದದ್ದು ಒಂದು ಹಳದಿ ಕ್ಯಾನು ಆಕೆಗೆ. ಉಳಿದರೆ.

ಶುರುವಾದದ್ದು ಆಕೆಯ ಗಂಡ ಸತ್ತ ಬರಗಾಲದಲ್ಲಿ. ಆವತ್ತೂ ಹಟ್ಟಿ ಎದ್ದು ಹೊರಟಿತ್ತು. ಮರುದಿನ ದೂರದ ದಿಬ್ಬದಿಂದ ಎಲ್ಲರೂ ಲಾರಿಯ ಧೂಳು ಬಂದದ್ದನ್ನೂ ಕಂಡರು, ತಿರುಗಿ ಹೋದದ್ದನ್ನೂ ಕಂಡರು. ಕೂಗಿದರೆ ಕೇಳುವ ದೂರವಲ್ಲ, ಓಡಿದರೆ ಮುಟ್ಟುವ ದೂರವಲ್ಲ. ಮುಂದಿನ ಲಾರಿ ಬರುವುದರೊಳಗೆ ಅಜ್ಜಿಯ ಕಿರಿಮಗಳೂ ಹೋದಳು.

"ಸತ್ತೋನೇ ಬಂದು ಮಗಳನ್ನ ಕರ್ಕೊಂಡು ಹೋದ ಅಂದ್ರು ಜನ. ನಮ್ಮೋನು ಅಂಥೋನಲ್ಲ. ಬದುಕಿದ್ದಾಗ್ಲೇ ನನ್ನ ಒಂದು ಸಲ ಹತ್ತಿರ ಕರೆದೋನಲ್ಲ, ಆಡು ಮೇಯಿಸ್ಕೊಂಡು ಅವನ ಪಾಡಿಗೆ ಅವನಿದ್ದ." ನಗುತ್ತಾಳೆ, ನಗು ಕೆಮ್ಮಾಗುತ್ತದೆ. "ಯಾರೂ ಕರೀಲಿಲ್ಲ ಕಣೋ. ಲಾರಿ ತಿರುಗ್ತು, ಅಷ್ಟೇ."

ಹೊಗೆ ಹಾಕಿದ ತಪ್ಪಿಗೆ ಹಟ್ಟಿ ಆಕೆಗೆ ಕೆಂಡ ಕೊಡುವುದಿಲ್ಲ. ಯಾರ ಒಲೆಯ ಹತ್ತಿರವೂ ಕೂರುವ ಹಾಗಿಲ್ಲ. ಸೊಸೆ ಗಂಜಿಯನ್ನು ಬೇಲಿಯಾಚೆ ಇಟ್ಟು ಹೋಗುತ್ತಾಳೆ. ಆಕೆ ತರಿಸಿದ ನೀರಿನಲ್ಲೇ ಬೆಂದ ಗಂಜಿ ಅದು! "ಬೈಯೋದಿಲ್ಲ ಪಾಪ, ಒಳ್ಳೆ ಹುಡುಗಿ. ಆರಿಸಿ ಕೊಡ್ತಾಳೆ. ಬಿಸಿ ಗಂಜಿ ತಿಂದು ಯಾವ ಕಾಲ ಆಯ್ತೋ."

ಬಿಸಿಲೇರಿದೆ. ದಕ್ಷಿಣದಲ್ಲಿ ಧೂಳು ಏಳುತ್ತದೆ. ಗಾಳಿ ಜೋರಾಗಿ, ಹೊಗೆ ಮೇಲೇಳದೆ ನೆಲಕ್ಕೆ ಹಾಸಿಕೊಂಡಿದೆ. ಧೂಳು ಒಂದು ಕಡೆ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಬಲಕ್ಕೆ ಹೊರಳುತ್ತದೆ.

"ತಿರುಗ್ತಿದೆಯಾ?"

"ತಿರುಗ್ತಿದೆ ಅಜ್ಜಿ."

ಆಕೆ ಒಂದು ಗಳಿಗೆ ಕಲ್ಲುಗುಪ್ಪೆಯನ್ನು ನೋಡುತ್ತಾಳೆ. ಎದ್ದು ಬಂದು, ಅಡ್ಡ ಹಿಡಿದಿದ್ದ ಚರ್ಮದಿಂದ ಬೆಂಕಿಗೆ ಬೀಸುತ್ತಾಳೆ, ಬೀಸುತ್ತಲೇ ಇರುತ್ತಾಳೆ. ಹೊಗೆ ಎದ್ದು ಕಂಬವಾಗುತ್ತದೆ. ಅದರ ಅರ್ಧ ಕಲ್ಲಿನ ಮೇಲೆ ಹರಿದು ಹೋಗುತ್ತದೆ. ಧೂಳು ಇತ್ತ ತಿರುಗಿದ ಮೇಲೆಯೇ ಆಕೆಯ ಕೈ ನಿಲ್ಲುವುದು.

ಚಾಲಕ ಮುತುವಾ ತಲೆ ಹೊರಹಾಕುತ್ತಾನೆ. "ಅಜ್ಜಿ, ಇನ್ನೂ ಬದುಕಿದೀಯಾ?"

"ನಿನ್ನ ಲಾರಿ ನನಗಿಂತ ಮೊದಲು ಸಾಯೋ ಹಂಗಿದೆ. ಬಾಗಿಲು ತೆಗಿ."

"ಹೊಗೆ ನಾತ ಹೊಡೀತೀಯ. ಹಿಂದೆ ಹತ್ತು."

"ಟ್ಯಾಂಕು ನೀರು ಹೊತ್ಕೊಂಡು ತಿರುಗ್ತೀಯ, ಮೈಗೆ ಒಂದು ಚೊಂಬು ಹಾಕ್ಕೊಂಡಿಲ್ಲ. ನೀನು ನನ್ನ ನಾತ ಹೇಳ್ತೀಯೇನೋ!"

ಮುತುವಾ ಬಾಗಿಲು ತೆಗೆಯುತ್ತಾನೆ. ದಾರಿಯುದ್ದಕ್ಕೂ ಅಜ್ಜಿ ಕೈಯಲ್ಲೇ ತಿರುವು ತೋರಿಸುತ್ತಾಳೆ.

ಹೊಸ ಹಟ್ಟಿಯಲ್ಲಿ ಹೆಂಗಸರು ಕ್ಯಾನುಗಳನ್ನು ಹಿಡಿದು ಓಡಿ ಬರುತ್ತಾರೆ. ಅಜ್ಜಿಯನ್ನು ಸುತ್ತಿ ದಾಟುತ್ತಾರೆ, ಬಟ್ಟೆಯ ಅಂಚೂ ತಾಗದ ಹಾಗೆ. ನಮೊನಿ ಮಾತ್ರ ಎದುರು ಬಂದು ನಿಲ್ಲುತ್ತಾಳೆ. ಮಗಳು ಅವಳ ಸೊಂಟದ ಮೇಲೆ ಜೋತುಬಿದ್ದಿದ್ದಾಳೆ.

"ನನ್ನ ಕಂದನ ಹತ್ತಿರ ಹೊಗೆ ಹಾಕಿದ್ಯಾ?"

"ಹಾಕ್ದೆ ಕಣಮ್ಮ."

"ಅವನ ಮೇಲೆ ಹೋಯ್ತಾ?"

ಇಲ್ಲ ಎನ್ನಬಹುದಿತ್ತು. ಯಾರು ಹೋಗಿ ನೋಡುತ್ತಿದ್ದರು?

"ಹೋಗದ ಹಂಗೆ ಅಡ್ಡ ಕೂತಿದ್ದೆ. ಕೊನೇಲಿ ಒಂದು ಗಳಿಗೆ ಬಿಡಬೇಕಾಯ್ತು. ಲಾರಿ ತಿರುಗ್ತಿತ್ತು ತಾಯಿ."

ನಮೊನಿ ಮಗಳನ್ನು ಸೊಂಟದ ಮೇಲೆ ಮೇಲಕ್ಕೆತ್ತಿಕೊಳ್ಳುತ್ತಾಳೆ. ಲಾರಿಯ ಹತ್ತಿರ ಹೋಗುತ್ತಾಳೆ, ಬೊಗಸೆಯಲ್ಲಿ ನೀರು ಹಿಡಿದು ಮಗಳ ಬಾಯಿಗೆ ಹನಿಸುತ್ತಾಳೆ. ಮಗು ಚಪ್ಪರಿಸುತ್ತದೆ, ಇನ್ನೂ ಬೇಕೆಂದು ಬಾಯಿ ತೆರೆಯುತ್ತದೆ. ಹನಿಸುತ್ತಾ ಹನಿಸುತ್ತಾ ತಾಯಿ ಅಳುತ್ತಾಳೆ. ಅಜ್ಜಿಯ ಕಡೆ ತಿರುಗಿ ನೋಡುವುದಿಲ್ಲ.

ಇವತ್ತು ಟ್ಯಾಂಕಿನ ತಳದಲ್ಲಿ ಅರ್ಧ ಕ್ಯಾನು ಉಳಿದಿದೆ. ಅದನ್ನು ತೊಡೆಯ ನಡುವೆ ಇಟ್ಟುಕೊಂಡು ಅಜ್ಜಿ ಬೇಲಿಯ ಹೊರಗೆ ಕೂತಿದ್ದಾಳೆ. ಕೆಂಪು ಕಣ್ಣಿನಿಂದ ನೀರು ಸೋರುತ್ತಿದೆ, ಹೊಗೆಗೋ ಯಾತಕ್ಕೋ. ನಿನಗೇನಾದರೂ ಬೇಕಾ ಅಜ್ಜಿ ಎಂದು ಕೇಳಿದರೆ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತಾಳೆ.

"ನಾನು ಸತ್ತ ದಿನ ಎಲ್ರೂ ಹೊರಡಿ, ಬೇಡ ಅನ್ನಲ್ಲ. ಒಬ್ರು ಯಾರಾದ್ರೂ ಹಿಂದೆ ಉಳೀಲಿ. ನನ್ನ ಕಲ್ಲಿನ ಪಕ್ಕದಲ್ಲೇ ಹೊಗೆ ಹಾಕ್ಲಿ. ಚರ್ಮ ಗಿರ್ಮ ಅಡ್ಡ ಹಿಡಿಯೋದು ಬೇಡ. ನನಗೆ ಅಭ್ಯಾಸ ಇದೆ."