ಮೂರನೇ ಸಲ ತುಕ್ಕು ಹಿಡಿದ ಟ್ಯಾಂಕು

ರೈಸ್‌ಮಿಲ್ಲಿನ ಉಜ್ಜಿನಪ್ಪನ ಬುಲೆಟ್ಟನ್ನು ಇಬ್ಬರು ಹಮಾಲರು ತಳ್ಳಿಕೊಂಡು ಬರುವುದನ್ನು ಜಡೆಪ್ಪ ದೂರದಿಂದಲೇ ಕಂಡ. ಅವರ ಹಿಂದೆ ಉಜ್ಜಿನಪ್ಪ ಪಂಚೆಯ ಅಂಚನ್ನು ಎತ್ತಿ ಹಿಡಿದು, ದೂಳು ತಪ್ಪಿಸುತ್ತ ನಡೆದು ಬರುತ್ತಿದ್ದ. ಅದು ೧೯೮೨ರ ಕಾರ್ತಿಕ ಮಾಸದ ಒಂದು ಸೋಮವಾರ. ಕಂಪ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಅಂಗಡಿಯಲ್ಲಿ ಕೂತಿದ್ದ ಜಡೆಪ್ಪನಿಗೆ ಗಾಡಿ ಯಾಕೆ ನಿಂತಿತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಟ್ಯಾಂಕಿನ ಕೆಳಗಿನ ನಳ ಬಿಚ್ಚಿ, ಒಳಗಿದ್ದದ್ದನ್ನು ಬೋಗುಣಿಗೆ ಬಿಟ್ಟ. ಪೆಟ್ರೋಲಿನ ಜೊತೆ ಕಂದು ಬಣ್ಣದ ಹಿಟ್ಟಿನಂಥ ತುಕ್ಕು ಇಳಿಯಿತು.

"ದರೋಜಿ ದಾಟಿ ಬರ್ತಿದ್ನಪಾ," ಎಂದ ಉಜ್ಜಿನಪ್ಪ. "ಏರಿನಾಗ ಟುಸ್ ಅಂತ ನಿಂತುಬಿಡ್ತು. ಕಬ್ಬಿನ ಗಾಡಿಯವ್ರು ನನ್ನ ನೋಡಿ ನಕ್ಕೋತ ಮುಂದ ಹೋದ್ರು. ಎತ್ತಿನ ಗಾಡಿಯವ್ರು!"

"ಆಗಸ್ಟಿನಾಗ ಒಳಗ ಬೆಳ್ಳಿ ಬಟ್ಲ ಇದ್ದಂಗ ಮಾಡಿ ಕೊಟ್ಟಿದ್ನಲ್ರಿ ಸಾವ್ಕಾರ್ರ."

"ಬೆಳ್ಳಿ ಬಟ್ಲ ಈಗ ಮಣ್ಣಿನ ಕುಡಿಕಿ ಆಗೇತಿ. ಇದು ಮೂರನೇ ಸಲ. ಇನ್ನೊಮ್ಮೆ ಹಿಂಗಾತಂದ್ರ ಬಳ್ಳಾರಿಯಿಂದ ಹೊಸಾದು ತರಸ್ತೀನಿ. ಮಿಲ್ಲಿಗೆ ಬರೋ ರೈತರಿಗೆಲ್ಲ ಹೇಳ್ತೀನಿ, ಜಡೆಪ್ಪನ ಕೈಗುಣ ಹೋತು ಅಂತ."

ಟ್ಯಾಂಕು ಬಿಚ್ಚಿಟ್ಟುಕೊಂಡ ಮೇಲೆ ಗಾಡಿಯ ಉಳಿದ ಮೈಯನ್ನು ಹಮಾಲರು ವಾಪಸು ತಳ್ಳಿಕೊಂಡು ಹೋದರು. ಅಂಗಡಿ ಅಷ್ಟು ಚಿಕ್ಕದು.

ಜಡೆಪ್ಪನ ತಂದೆ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ಕೊಡದ ತೂತು, ಕಂದೀಲಿನ ಬುಡ್ಡಿ, ಹಾಲಿನ ಕ್ಯಾನು, ಏನು ಸೋರಿದರೂ ಬೆಸುಗೆ ಹಾಕುತ್ತಿದ್ದ. ಕಾಲುವೆಗೆ ನೀರು ಬಂದು ವರ್ಷಕ್ಕೆ ಎರಡು ಬೆಳೆ ಭತ್ತ ಕೈಗೆ ಹತ್ತಿದ ಮೇಲೆ ಕಂಪ್ಲಿಯ ರೈತರ ಅಂಗಳದಲ್ಲಿ ಮೋಟಾರ್ ಸೈಕಲ್ಲುಗಳು ಕಾಣಿಸಿಕೊಂಡವು. ಮೊದಲ ಸಲ ಒಬ್ಬ ರೈತ ಸೋರುವ ಟ್ಯಾಂಕನ್ನು ತಲೆಯ ಮೇಲೆ ಹೊತ್ತು ತಂದಾಗ ಜಡೆಪ್ಪನಿಗೆ ಮೂವತ್ತು ವರ್ಷ. ಈಗ ಐವತ್ತು. ಹೊಸಪೇಟೆಯಿಂದಲೂ ಸಂಡೂರಿನಿಂದಲೂ ಟ್ಯಾಂಕುಗಳು ಬಸ್ಸಿನ ಮೇಲೆ ಕೂತು ಅವನ ಹತ್ತಿರ ಬರುತ್ತಿದ್ದವು.

ಕೆಲಸದಲ್ಲಿ ಅವನಿಗೆ ಅವಸರ ಇರಲಿಲ್ಲ. ಟ್ಯಾಂಕನ್ನು ಮೊದಲು ಒಂದು ದಿನ ಬಿಸಿಲಿಗೆ ಬಾಯಿ ತೆರೆದಿಡುವುದು. ಆಮೇಲೆ ಸೋಡಾಪುಡಿ ಕದಡಿದ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಮೂಗಿಟ್ಟು ಮೂಸಿ, ಪೆಟ್ರೋಲಿನ ವಾಸನೆ ಪೂರ್ತಿ ಹೋಗಿದೆಯೆಂದು ಖಾತ್ರಿ ಮಾಡಿಕೊಳ್ಳುವುದು. ನಂತರ ಹುಣಸೆಹಣ್ಣಿನ ಗಟ್ಟಿ ನೀರು ತುಂಬಿ ಎರಡು ರಾತ್ರಿ ಬಿಡುತ್ತಿದ್ದ. ಹುಳಿಗೆ ಮೆತ್ತಗಾದ ತುಕ್ಕನ್ನು ಕೀಳುವುದಕ್ಕೆ ಅವನದೇ ಒಂದು ಉಪಾಯವಿತ್ತು. ಒಳಗೆ ಒಂದು ಹಿಡಿ ಹೊಳೆಯ ಸಣ್ಣ ಕಲ್ಲು, ಹಳೆಯ ನಟ್ಟು ಹಾಕಿ, ಬಾಯಿ ಬಿಗಿದು, ಗೋಣಿಚೀಲ ಮತ್ತು ಹುಲ್ಲಿನಲ್ಲಿ ಸುತ್ತಿ, ಹೊಸಪೇಟೆಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಯ ಚಕ್ರಕ್ಕೆ ಕಟ್ಟಿ ಕಳಿಸುತ್ತಿದ್ದ. ಎತ್ತುಗಳ ನಡಿಗೆಗೆ ಚಕ್ರ ತಿರುಗಿದಂತೆ ಕಲ್ಲು ಒಳಗೆಲ್ಲ ಉರುಳಿ ತಿಕ್ಕುತ್ತಿತ್ತು. ಹೋಗಿ ಬರುವಷ್ಟರಲ್ಲಿ ತಗಡು ಹೊಳೆಯುತ್ತಿತ್ತು. ತೂತು ಬಿದ್ದಿದ್ದರೆ ಅದರ ಅಂಚಿನವರೆಗೆ ನೀರು ತುಂಬಿ, ಬೆಂಕಿಯನ್ನು ದೂರವಿಟ್ಟು, ಕಾದ ಸಲಾಕೆಯಿಂದಷ್ಟೇ ಬೆಸುಗೆ. ಕೊನೆಗೆ ಹುಳಿ ಉಳಿಯದಂತೆ ಸೋಡಾನೀರು, ಸುಡುಬಿಸಿಲು, ಒಳಗೆ ಒಂದಿಷ್ಟು ಎಂಜಿನ್ ಎಣ್ಣೆ.

ಇಷ್ಟೆಲ್ಲ ಮಾಡಿದ ಟ್ಯಾಂಕು ನಾಲ್ಕೈದು ವರ್ಷ ಬಾಳಬೇಕು. ಉಜ್ಜಿನಪ್ಪನದು ಮೂರು ತಿಂಗಳೂ ಬಾಳಿರಲಿಲ್ಲ. ಉಳಿದವರ ಟ್ಯಾಂಕುಗಳೂ ಹಾಗೇ ಆಗಿದ್ದು, ಅವರು ಹೇಳದೆ ಬೇರೆ ಕಡೆ ಹೋಗಿರಬಹುದೇ ಎಂಬ ಅನುಮಾನ ಜಡೆಪ್ಪನನ್ನು ಹಿಡಿಯಿತು. ಕಣ್ಣು ಮಂಜಾಗಿದೆ, ಮೂಲೆಯ ತುಕ್ಕು ತನಗೆ ಕಾಣುತ್ತಿಲ್ಲ ಅಂದುಕೊಂಡ.

ಹೆಂಡತಿ ಎರ್ರಮ್ಮನ ತಮ್ಮ ತೋಟಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದ. ಗೇಟು ಕಾಯುವ ಕೆಲಸವೊಂದಿದೆ, ಹುಣ್ಣಿಮೆಯೊಳಗೆ ಹೂಂ ಅನ್ನಬೇಕು ಎಂದು ಹೇಳಿ ಕಳಿಸಿದ್ದ. ಅಂದು ಊಟದ ಹೊತ್ತಿಗೆ ಜಡೆಪ್ಪ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ, "ಹೋಗಿಬಿಡ್ತೀನಿ ಅನಸ್ತತಿ," ಎಂದ.

"ಹೋಗ್ರಿ. ಗೇಟಿಗೆ ಬಂದ ಗಾಡಿದೆಲ್ಲ ಮುಚ್ಚಳ ತಗದು ಮೂಸಿ ನೋಡ್ಕೋತ ಕುಂದ್ರತೀರಿ," ಎಂದಳು ಎರ್ರಮ್ಮ. "ಎರಡ ದಿನಕ್ಕ ಹೊರಗ ಹಾಕ್ತಾರ."

ಅವನಿಗೆ ನಗು ಬರಲಿಲ್ಲ. ಈ ಸಲದ ಕೆಲಸವನ್ನು ಮೊದಲಿಗಿಂತ ನಿಧಾನವಾಗಿ ಮಾಡಿದ. ತಗಡು ಕೂಡಿದ ಹೊಲಿಗೆಯ ಹತ್ತಿರ ಸೂಜಿಮೊನೆಯಷ್ಟು ಎರಡು ತೂತು ಸಿಕ್ಕವು, ಬೆಸೆದ. ಒಳಗೆ ಬ್ಯಾಟರಿ ಬೆಳಕು ಬಿಟ್ಟು ತಾನು ನೋಡಿದ್ದಲ್ಲದೆ ಎರ್ರಮ್ಮನಿಗೂ ತೋರಿಸಿದ. "ಎಲ್ಲೈತ್ರಿ ತುಕ್ಕು?" ಎಂದಳು. ಆದರೂ ನಂಬಿಕೆ ಬರಲಿಲ್ಲ. ಯಾವಾಗಲೂ ಹಮಾಲರು ಬಂದು ಒಯ್ಯುತ್ತಿದ್ದ ಟ್ಯಾಂಕನ್ನು ಈ ಸಲ ತಾನೇ ಕೂಡಿಸಬೇಕೆಂದು, ಆರನೆಯ ದಿನ ಹೊತ್ತು ಮೂಡುವಾಗ ಹೆಗಲ ಮೇಲಿಟ್ಟುಕೊಂಡು ಕಾಲುವೆ ದಂಡೆಯ ಮಿಲ್ಲಿಗೆ ನಡೆದ. ಮಿಲ್ಲಿನ ಗೇಟು ದಾಟಿ ಅವನು ಒಳಗೆ ಹೋದದ್ದು ಅದೇ ಮೊದಲು.

ಭತ್ತ ಕುದಿಸುವ ಶೆಡ್ಡಿನಲ್ಲಿ ಹಬೆ ಮಂಜಿನಂತೆ ನಿಂತಿತ್ತು. ಬೇಯುತ್ತಿರುವ ಭತ್ತದ ಘಾಟು ಗಂಟಲಿಗೆ ಬಡಿಯಿತು. ಆ ಹಬೆಯ ನಡುವೆ, ತೊಟ್ಟಿಗಳಿಂದ ನಾಲ್ಕು ಮಾರು ದೂರದಲ್ಲಿ, ಟ್ಯಾಂಕಿಲ್ಲದ ಬುಲೆಟ್ಟು ನಿಂತಿತ್ತು. ಭತ್ತ ಹರವುವ ಕೆಲಸದ ಭರಮಮ್ಮ ಸೆರಗಿನಿಂದ ಅದರ ಹ್ಯಾಂಡಲ್ ಒರೆಸುತ್ತಿದ್ದಳು.

"ಗಾಡಿ ಇಲ್ಲ್ಯಾಕ ನಿಲ್ಲಿಸ್ಯಾರಬೇ?" ಎಂದು ಕೇಳಿದ.

"ದಿನಾ ಇಲ್ಲೇ ಅಣ್ಣಾ. ಬಾಯ್ಲರ್ ಕಾಯಾವ ಒಬ್ಬನ ರಾತ್ರಿಯೆಲ್ಲ ಎಚ್ಚರ ಇರತಾನ. ಕಳ್ಳರ ಅಂಜಿಕಿ ಇಲ್ಲ."

"ನೀ ಯಾಕ ಒರಸ್ತಿ?"

"ಮುಂಜಾನಿ ಪೂರಾ ಬೆವತಿರತತಿ. ಟ್ಯಾಂಕಿಯಂತೂ ಜಳಕ ಮಾಡಿಸಿದಂಗ ಇರತತಿ. ಸಾವ್ಕಾರ ಬರೋದ್ರಾಗ ಒರಸಿ ಇಡಬೇಕು. ಇಲ್ಲಾಂದ್ರ ಒದರ್ತಾನ."

ಜಡೆಪ್ಪ ಹೆಗಲ ಮೇಲಿನ ಟ್ಯಾಂಕನ್ನು ಇಳಿಸಲಿಲ್ಲ. ಬುಲೆಟ್ಟಿನ ಸೀಟಿನ ಅಡಿಗೆ ಬೆರಳಾಡಿಸಿದ. ಬೆರಳು ಒದ್ದೆಯಾಯಿತು.

ಅಷ್ಟರಲ್ಲಿ ಉಜ್ಜಿನಪ್ಪ ಬಂದ. "ಕೂಡಸಪಾ, ಜಲ್ದಿ. ಹೊಸಪೇಟಿಗೆ ಹೋಗಬೇಕು."

"ಸಾವ್ಕಾರ್ರ, ಪೆಟ್ರೋಲ್ ಎಷ್ಟು ಹಾಕಿಸ್ತೀರಿ?"

"ಎರಡು ಲೀಟರ್. ಹೆಚ್ಚಿಗಿ ಹಾಕಿದ್ರ ಲಾರಿ ಡ್ರೈವರ್‌ಗೋಳು ಪೈಪು ಹಾಕಿ ಜಗ್ಗಿಬಿಡ್ತಾರ. ಯಾಕ?"

"ಹಂಗಾದ್ರ ಟ್ಯಾಂಕು ನಾ ಕೂಡಸಂಗಿಲ್ರಿ."

ಉಜ್ಜಿನಪ್ಪನ ಮುಖ ಕೆಂಪಾಯಿತು. ಜಡೆಪ್ಪ ತನಗೆ ತೋಚಿದ್ದನ್ನು ಹೇಳಿದ: ಟ್ಯಾಂಕು ಮುಕ್ಕಾಲು ಖಾಲಿ. ಮುಚ್ಚಳದಲ್ಲಿ ಉಸಿರಾಡಲು ಸಣ್ಣ ತೂತು. ಬಿಸಿ ಹಬೆ ಅದರಿಂದ ಒಳಗೆ ಹೋಗುತ್ತದೆ, ಬೆಳಗಿನ ಜಾವ ತಗಡು ತಣ್ಣಗಾದಾಗ ನೀರಾಗಿ ತಳ ಸೇರುತ್ತದೆ. ಹೊರಗಿನ ಬೆವರನ್ನು ಭರಮಮ್ಮ ಒರೆಸುತ್ತಾಳೆ. ಒಳಗಿನದನ್ನು ಒರೆಸುವವರಿಲ್ಲ.

"ಚಲೋ ಕತಿ ಕಟ್ಟೀದಿ!" ಎಂದ ಉಜ್ಜಿನಪ್ಪ. "ತುಕ್ಕು ತಗಿಯಾಕ ಬರದವ ನನ್ನ ಮಿಲ್ಲಿನ ಮ್ಯಾಲ ಹಾಕ್ತಿ? ಪೆಟ್ರೋಲಿನಾಗ ನೀರು ಬೆರಸ್ಯಾರ ಅನ್ನು, ನಂಬತೀನಿ."

ಮಾತಿನಿಂದ ಬಗೆಹರಿಯುವಂತಿರಲಿಲ್ಲ. ಜಡೆಪ್ಪ ಟ್ಯಾಂಕನ್ನು ಹೊತ್ತು ವಾಪಸು ಬಂದ. ಮಧ್ಯಾಹ್ನ ಒಂದೇ ಅಳತೆಯ ಎರಡು ತಗಡಿನ ಡಬ್ಬಿ ಮಾಡಿದ. ಎರಡರ ಮುಚ್ಚಳಕ್ಕೂ ಒಂದೊಂದು ತೂತು. ಉಜ್ಜಿನಪ್ಪನ ಎದುರಿಗೇ ಎರಡಕ್ಕೂ ಒಂದೇ ಶೀಶೆಯಿಂದ ಒಂದೊಂದು ಲೋಟ ಪೆಟ್ರೋಲ್ ಸುರಿದು, ಒಂದನ್ನು ಶೆಡ್ಡಿನಲ್ಲಿ ಗಾಡಿ ನಿಲ್ಲುವ ಜಾಗದ ಪಕ್ಕ, ಬಾಯ್ಲರಿನ ಬೆಂಕಿಯಿಂದ ದೂರ, ಗೂಡಿನಲ್ಲಿಟ್ಟ. ಇನ್ನೊಂದನ್ನು ಅಂಗಳದ ಆಚೆಯ ಗೋದಾಮಿನಲ್ಲಿಟ್ಟ. "ಎಂಟು ದಿನ ಯಾರೂ ಮುಟ್ಟಬ್ಯಾಡ್ರಿ," ಎಂದ. ಎಂಟನೆಯ ದಿನ ಹುಣ್ಣಿಮೆ.

ಆ ಎಂಟು ದಿನ ಅವನು ಹೊಸ ಕೆಲಸ ಹಿಡಿಯಲಿಲ್ಲ. ಡಬ್ಬಿಯಲ್ಲಿ ನೀರು ಕಾಣದಿದ್ದರೆ ಕೈ ತನ್ನದೇ ಕೆಟ್ಟಿದೆಯೆಂದು ಒಪ್ಪಿಕೊಂಡು, ಅಂದೇ ತೋಟಪ್ಪನಿಗೆ ಹೂಂ ಅನ್ನುವುದೆಂದು ತೀರ್ಮಾನಿಸಿದ್ದ.

ಹುಣ್ಣಿಮೆಯ ಬೆಳಿಗ್ಗೆ ಉಜ್ಜಿನಪ್ಪ, ಭರಮಮ್ಮ, ನಾಲ್ಕು ಜನ ಹಮಾಲರು ಅಂಗಳದಲ್ಲಿ ಸೇರಿದರು. ಜಡೆಪ್ಪ ಗೋದಾಮಿನ ಡಬ್ಬಿಯನ್ನು ಗಾಜಿನ ಶೀಶೆಗೆ ಬಗ್ಗಿಸಿದ. ಪೆಟ್ರೋಲು ಅಷ್ಟೇ. ಶೆಡ್ಡಿನ ಡಬ್ಬಿಯನ್ನು ಇನ್ನೊಂದು ಶೀಶೆಗೆ ಬಗ್ಗಿಸಿದ. ಪೆಟ್ರೋಲು ಅಲುಗಾಡಿ ನಿಂತಿತು. ತಳದಲ್ಲಿ ಹುಣಸೆಬೀಜದಷ್ಟು ದೊಡ್ಡ ನೀರಿನ ಹನಿಯೊಂದು ಬೇರೆಯಾಗಿ ಕೂತಿತ್ತು. ಶೀಶೆ ಓರೆ ಮಾಡಿದರೆ ಅದು ಉರುಳುತ್ತಿತ್ತು. ಖಾಲಿ ಡಬ್ಬಿಯ ತಳದಲ್ಲಿ ಆಗಲೇ ಕೆಂಪು ಚುಕ್ಕೆಗಳು.

ಜಡೆಪ್ಪ ಅಲ್ಲೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಉಜ್ಜಿನಪ್ಪ ಶೀಶೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅಂದ್ರ ಒಂದು ವರ್ಷದಿಂದ ನನ್ನ ಗಾಡಿನ ನಾನ ಕುದಸಾಕತ್ತೀನಿ," ಎಂದ. ಹಮಾಲರು ನಕ್ಕರು. ಅವನೂ ನಕ್ಕ. "ಭರಮಮ್ಮ, ನಾಳಿಂದ ಒರಸೋದು ಬ್ಯಾಡ. ಗಾಡಿ ಗೋದಾಮಿಗೆ ಹೋಗ್ಲಿ, ಕೀಲಿಕೈ ನನ್ನ ಹಂತೇಕ ಇರ್ಲಿ. ಜಡೆಪ್ಪ, ಟ್ಯಾಂಕು ತುಂಬ ಹಾಕಿಸಬೇಕೇನು?"

"ಕುತ್ತಿಗಿ ಮಟ. ಗಾಳಿಗೆ ಜಾಗ ಇಲ್ಲಾಂದ್ರ ನೀರಿಗೂ ಜಾಗ ಇಲ್ರಿ."

ಅಂದೇ ಟ್ಯಾಂಕು ಕೂಡಿಸಿದ. ಎರಡನೇ ಒದೆತಕ್ಕೆ ಬುಲೆಟ್ಟು ಶುರುವಾಯಿತು. ಅದರ ಸದ್ದು ಕಾಲುವೆಯ ಸೇತುವೆ ದಾಟಿ ಹೋಗುವವರೆಗೂ ಜಡೆಪ್ಪ ಗೇಟಿನಲ್ಲಿ ನಿಂತು ಕೇಳಿದ.

ಮನೆಗೆ ಬಂದವನು ಕಾಲು ತೊಳೆಯುತ್ತ ಎರ್ರಮ್ಮನಿಗೆ ಎಲ್ಲ ಹೇಳಿದ. "ಮಧ್ಯಾಹ್ನದ ಬಸ್ಸಿಗೆ ಹೊಸಪೇಟಿಗೆ ಹೋಗಿ ನಿನ್ನ ತಮ್ಮಗ ಒಲ್ಲೆ ಅಂತ ಹೇಳಿ ಬರ್ತೀನಿ."

"ಯಾಕ ಬಸ್ಸಿನಾಗ ದಣೀತೀರಿ? ಕಬ್ಬಿನ ಗಾಡಿಯವ್ರ ಕೂಡ ಐದು ದಿನದ ಹಿಂದನ ಒಲ್ಲೆ ಅಂತ ಹೇಳಿ ಕಳಿಸೀನಿ."

"ಡಬ್ಬಿ ಒಳಗ ನೀರು ಬರದಿದ್ರ ಏನ್ ಮಾಡ್ತಿದ್ದಿ?"

"ಟ್ಯಾಂಕಿನ ಒಳಗ ನಾನೂ ನೋಡಿದ್ನಲ್ರಿ?" ಎಂದಳು ಎರ್ರಮ್ಮ. "ನನ್ನ ಕಣ್ಣಿಗೇನಾಗೇತಿ?"

ಜಡೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಅಂಗಡಿಗೆ ಹೊರಟ. ಸಂಡೂರಿನಿಂದ ಬಂದ ಎರಡು ಟ್ಯಾಂಕು ಒಂದು ವಾರದಿಂದ ಬಾಗಿಲಲ್ಲೇ ಬಿದ್ದಿದ್ದವು.