ಆರ್ಲಿಸ್ ಕೂತು ಉಂಡ ದಿನ

ಮಿಲ್ಟನ್ ಟೊಲೆಫ್ಸನ್ ತೀರಿಕೊಂಡ ದಿನ ಬೆಳಿಗ್ಗೆ ಆರು ಗಂಟೆಗೆ ಅವನ ಹೆಂಡತಿ ಆರ್ಲಿಸ್ ಆಸ್ಪತ್ರೆಯಿಂದ ಮನೆಗೆ ಬಂದಳು. ಕೋಟು ಕೂಡ ಬಿಚ್ಚದೆ ಫೋನಿನ ಮುಂದೆ ಕೂತು, ಚರ್ಚಿನ ಸಾವಿನ ಊಟಕ್ಕೆ ಅಡುಗೆ ತರುವವರ ಪಟ್ಟಿಯ ಮೊದಲ ಹೆಸರಿನವಳಿಗೆ ಕರೆ ಮಾಡಿದಳು.

“ಗುರುವಾರ ಹನ್ನೊಂದು ಗಂಟೆ. ನೂರಿಪ್ಪತ್ತು ಜನ. ನೀನು ಎರಡು ಟ್ರೇ ಆಲೂಗಡ್ಡೆ ಹಾಟ್‌ಡಿಶ್ ಓವನ್ನಲ್ಲಿ ಬೇಯಿಸಿ ತಾ. ಮೇಲೆ ಚೀಸ್ ಜಾಸ್ತಿ ಇರ್ಲಿ, ಹೋದ್ಸಲ ಜಿಪುಣತನ ಮಾಡಿದ್ದೆ.”

“ಆಯ್ತು,” ಎಂದಿತು ಆ ಕಡೆಯ ದನಿ.

ಯಾರ ಸಾವು ಎಂದು ಕೇಳುವ ರೂಢಿ ನಮ್ಮೂರಲ್ಲಿಲ್ಲ. ಎಂಟು ಗಂಟೆಗೆ ರೇಡಿಯೋದಲ್ಲಿ ಹೆಸರು ಹೇಳುತ್ತಾರೆ. ಅದಕ್ಕೆ ಮೊದಲೇ ಕೇಳಿದರೆ ಕುತೂಹಲ ಇದೆ ಎಂದಾಗುತ್ತದೆ. ಕುತೂಹಲ ಎಲ್ಲರಿಗೂ ಇದೆ, ತೋರಿಸಿಕೊಳ್ಳುವುದಿಲ್ಲ ಅಷ್ಟೆ. ಅಲ್ಲದೆ ಮುದುಕ ಎಲ್ಮರ್ ನವೆಂಬರಿನಿಂದ ಇವತ್ತೋ ನಾಳೆಯೋ ಎನ್ನುತ್ತಿದ್ದ. ಈಗ ಫೆಬ್ರವರಿ. ಕರೆ ಬಂದ ಆರು ಮಂದಿ ಹೆಂಗಸರು ಸದ್ಯ ಅವನಿಗೆ ಬಿಡುಗಡೆಯಾಯಿತಲ್ಲ ಎಂದುಕೊಂಡು, ಹಳೇ ಲಕೋಟೆಯ ಬೆನ್ನಿಗೆ “ಗುರುವಾರ” ಎಂದು ಬರೆದಿಟ್ಟು ಕಾಫಿ ಕುಡಿಯಲು ಹೋದರು.

ಏಳನೆಯವಳು ಲಾವೋನ್. ಅವಳಿಗೆ ಶಿಷ್ಟಾಚಾರ ಸ್ವಲ್ಪ ಕಮ್ಮಿ.

“ಎಲ್ಮರ್ ಕೊನೆಗೂ ಹೊರಟ್ನಾ?”

“ಎಲ್ಮರ್ ಅಲ್ಲ. ಮಿಲ್ಟನ್.”

“ಯಾವ ಮಿಲ್ಟನ್ನೇ?”

“ನಮ್ಮನೆ ಮಿಲ್ಟನ್. ನೀನು ಕ್ಯಾರೆಟ್ ಹಾಕಿದ ಜೆಲ್ಲಿ ತಗೊಂಡ್ ಬಾ. ಅನಾನಸ್ ಹಾಕ್ಬೇಡ, ಅವನಿಗಾಗಲ್ಲ.”

ಹತ್ತು ನಿಮಿಷದಲ್ಲಿ ಲಾವೋನ್ ರಾತ್ರಿಯುಡುಪಿನ ಮೇಲೆ ಗಂಡನ ಕೋಟು ತೊಟ್ಟು, ಎರಡು ಬೇರೆ ಬೇರೆ ಬೂಟು ಹಾಕಿಕೊಂಡು, ಮೊಣಕಾಲು ಮುಳುಗುವ ಹಿಮದಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಫೋನನ್ನು ಆರ್ಲಿಸಳ ಕೈಯಿಂದ ಬಿಡಿಸಿ ಕೆಳಗಿಟ್ಟಳು. “ನಿಂಗೆ ತಲೆ ಕೆಟ್ಟಿದೆಯಾ? ಗಂಡ ಹೋದ ಗಳಿಗೇಲಿ ನನ್ನ ಜೆಲ್ಲಿ ಚಿಂತೆ!” ಎಂದು ಬೈಯುತ್ತಾ ಅವಳನ್ನು ತಬ್ಬಿಕೊಂಡು ಅತ್ತಳು. ಆರ್ಲಿಸ್ ಅಳಲಿಲ್ಲ. ಲಾವೋನಳ ಬೆನ್ನು ತಟ್ಟಿ, “ಕಾಫಿ ಕುಡೀತೀಯಾ?” ಎಂದಳು.

ಮಿನೆಸೋಟದ ನಮ್ಮ ಪುಟ್ಟ ಊರಲ್ಲಿ ಲೂಥರನ್ ಚರ್ಚಿನ ಮೇಲಂತಸ್ತು ದೇವರದ್ದು, ನೆಲಮಾಳಿಗೆ ಆರ್ಲಿಸಳದ್ದು. ಇಪ್ಪತ್ತೇಳನೆಯ ವಯಸ್ಸಿಗೆ ಪಾತ್ರೆ ತೊಳೆಯಲು ಇಳಿದವಳು ಅವಳು. ಆಮೇಲೆ ಬನ್ನಿಗೆ ಬೆಣ್ಣೆ ಸವರುವ ಕೆಲಸಕ್ಕೆ ಬಡ್ತಿ, ಅಲ್ಲಿಂದ ಕಾಫಿಗೆ, ಕಳೆದ ಹತ್ತೊಂಬತ್ತು ವರ್ಷಗಳಿಂದ ಸಾವಿನ ಊಟಗಳ ಪೂರ್ತಿ ಯಜಮಾನಿಕೆ. ಪಾಸ್ಟರುಗಳು ಐದು ಮಂದಿ ಬಂದು ಹೋದರು. ಅವಳು ಹಾಗೇ ಇದ್ದಳು. ಗಂಡಸರು ಆ ಅಡುಗೆಮನೆಯ ಹೊಸ್ತಿಲು ತುಳಿಯುವುದಿಲ್ಲ. ಒಮ್ಮೆ ನಾನು ಕುಡಿಯುವ ನೀರು ಕೇಳಲು ಹೋಗಿ ಮೂರು ಡಜನ್ ತಟ್ಟೆ ಒರೆಸಿ ಬಂದೆ. ನೀರು ಸಿಗಲಿಲ್ಲ.

ಊರಿನ ಕೇಶಾಲಂಕಾರದ ಅಂಗಡಿಯಲ್ಲಿ ಪ್ರತಿ ಶುಕ್ರವಾರ ತಲೆ ಸುರುಳಿ ಮಾಡಿಸಿಕೊಳ್ಳುತ್ತಾ ಈ ಹೆಂಗಸರು ತಿರುವಿ ಹಾಕುವ ಪತ್ರಿಕೆಗಳಲ್ಲಿ ಅಮೆರಿಕದ ಹೆಣ್ಣು ಬಗೆಬಗೆಯಾಗಿ ಸಿಗುತ್ತಾಳೆ. ಒಬ್ಬಳು ಸೂಟು ತೊಟ್ಟು ಕಂಪನಿ ನಡೆಸುತ್ತಾಳೆ, ಒಬ್ಬಳು ಸಮುದ್ರದ ದಂಡೆಯಲ್ಲಿ ಮೈ ಕಾಯಿಸುತ್ತಾಳೆ, ಇನ್ನೊಬ್ಬಳು ಮೂವತ್ತು ದಿನದಲ್ಲಿ ಸೊಂಟ ಇಳಿಸುತ್ತಾಳೆ. ಏಪ್ರನ್ ಕಟ್ಟಿ, ಟ್ರೇಯ ತಳಕ್ಕೆ ತನ್ನ ಹೆಸರಿನ ಚೀಟಿ ಅಂಟಿಸಿ, ನೂರಿಪ್ಪತ್ತು ಜನಕ್ಕೆ ಬಡಿಸಿ, ತಾನು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಂತೇ ನಾಲ್ಕು ತುತ್ತು ತಿನ್ನುವವಳ ಚಿತ್ರ ಯಾವ ಪುಟದಲ್ಲೂ ಇಲ್ಲ. ಅದಕ್ಕೆ ಇವರಿಗೆ ಬೇಜಾರೂ ಇಲ್ಲ. ಫೋಟೋ ತೆಗೆಯುವವನು ಬಂದರೆ ಅವನ ಕೈಗೂ ಒಂದು ಒರೆಸುವ ಬಟ್ಟೆ ಕೊಟ್ಟಾರು.

ಆ ಅಡುಗೆಮನೆಗೆ ಆರ್ಲಿಸ್ ಮಾಡಿದ ಒಂದು ಕಟ್ಟಳೆಯಿತ್ತು. ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯ ಹೆಂಗಸು ಅವತ್ತು ಒಳಗೆ ಬರುವಂತಿಲ್ಲ. ಹೊರಗೆ ಕೂತು ಬಡಿಸಿಕೊಳ್ಳಬೇಕು. ಎಷ್ಟೋ ವಿಧವೆಯರನ್ನು ಅವಳು ಭುಜ ಹಿಡಿದು ಹೊರಗೆ ಕಳಿಸಿದ್ದಳು. ಈಗ ಸರದಿ ಅವಳದ್ದೇ. ಅವಳಿಗೆ ಭಯವಿದ್ದದ್ದು ಕುರ್ಚಿಯದು. ಕೆಲಸ ಮಾಡುತ್ತಿರುವವರೆಗೆ ಇದು ಇನ್ನೊಂದು ಗುರುವಾರ, ಇನ್ನೊಂದು ಊಟ. ಕೂತುಬಿಟ್ಟರೆ ಸತ್ತವನು ಮಿಲ್ಟನ್.

ಗುರುವಾರ ಪ್ರಾರ್ಥನೆ ಮುಗಿಯಿತು. ಚಳಿಗೆ ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರಿಂದ ಮಣ್ಣು ಮಾಡುವುದು ಏಪ್ರಿಲಿಗೆ ಎಂದಾಯಿತು. ಜನ ಮುಂದಿನ ಮೆಟ್ಟಿಲಿಳಿದು ಊಟಕ್ಕೆ ಹೊರಟರೆ, ಆರ್ಲಿಸ್ ಬಚ್ಚಲಿಗೆ ಹೋಗುತ್ತೇನೆ ಎಂದು ಮಗಳಿಗೆ ಸುಳ್ಳು ಹೇಳಿ ಹಿಂದಿನ ಮೆಟ್ಟಿಲಿಳಿದಳು. ಕಪ್ಪು ಕೈಚೀಲದಲ್ಲಿ ಕರವಸ್ತ್ರ ಇರಬೇಕಾದ ಜಾಗದಲ್ಲಿ ಏಪ್ರನ್ ಮಡಿಚಿಟ್ಟಿದ್ದಳು.

ಅಡುಗೆಮನೆಯ ಬಾಗಿಲ ಬಳಿ ಎಂಬತ್ತಾರರ ಇನೆಝ್ ಸ್ಟೂಲಿನ ಮೇಲೆ ಕೂತು ಸೌತೆಕಾಯಿ ಉಪ್ಪಿನಕಾಯಿ ಹೆಚ್ಚುತ್ತಿದ್ದಳು. ಆರ್ಲಿಸಳಿಗೆ ಈ ಕೆಲಸ ಕಲಿಸಿದವಳೇ ಅವಳು.

“ಕಾಫಿ ಒಂದು ನೋಡಿ ಹೋಗ್ತೀನಿ ಇನೆಝ್.”

“ಲಾವೋನ್!” ಎಂದು ಕೂಗಿದಳು ಇನೆಝ್. “ಕಳ್ಳಿ ಬಂದಿದ್ದಾಳೆ!”

ಲಾವೋನ್ ಮರದ ಸೌಟು ಹಿಡಿದೇ ಓಡಿ ಬಂದಳು. “ನಂಗೊತ್ತಿತ್ತು! ಆ ಚೀಲದಲ್ಲಿ ಏನಿದೆ? ಕೊಡಿಲ್ಲಿ ಏಪ್ರನ್ನು.”

“ಬನ್ ತಣ್ಣಗಾಗ್ತಿದೆ ನೋಡೇ. ಒಂದು ಟ್ರೇ ತಗೊಂಡ್ಹೋಗಿ ಇಟ್ಟು ಬರ್ತೀನಿ, ಅಷ್ಟೇ.”

“ನೀನು ಹುಟ್ಟೋಕೆ ಮುಂಚೆನೂ ಜನ ಬನ್ ತಿಂತಿದ್ರು. ನಡಿ ಆಚೆ.”

ಆರ್ಲಿಸ್ ಟ್ರೇಯ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಲಾವೋನ್ ಹಿಡಿದಳು. ನಡುವೆ ಅರವತ್ತು ಹಂದಿಮಾಂಸದ ಬನ್ನುಗಳು ಅತ್ತಿಂದಿತ್ತ ಜಾರಾಡಿದವು. ಇನೆಝ್ ಚಾಕು ಕೆಳಗಿಟ್ಟಳು.

“ನನ್ನ ಗಂಡ ಹೋದಾಗ ನೀನು ಇದೇ ಚಾಕೂನ ನನ್ನ ಕೈಯಿಂದ ಕಿತ್ಕೊಂಡೆ. ನೆನಪಿದೆಯಾ? ಮೂರು ವಾರ ನಿನ್ನ ಮೇಲೆ ಕೋಪ ಇತ್ತು ನಂಗೆ. ಅವತ್ತು ಪಾಸ್ಟರ್ ಏನೇನು ಹೇಳಿದ್ರೋ ಒಂದಕ್ಷರ ನೆನಪಿಲ್ಲ. ನನ್ನ ತಟ್ಟೆಗೆ ಯಾರೋ ಬಡಿಸಿದ್ರು, ಅದೊಂದು ನೆನಪಿದೆ.”

“ಕೂತ್ರೆ ಅವನು ನಿಜವಾಗ್ಲೂ ಹೋದ ಹಾಗಾಗುತ್ತೆ, ಇನೆಝ್.”

“ಹೋಗಿದ್ದಾನೆ ಕಣಮ್ಮಾ,” ಎಂದಳು ಮುದುಕಿ ಮೆತ್ತಗೆ.

ಆರ್ಲಿಸ್ ಟ್ರೇ ಬಿಟ್ಟಳು.

ಮೂವತ್ತೊಂದು ವರ್ಷಗಳಲ್ಲಿ ಅವಳು ಊಟದ ಆ ಸಭಾಂಗಣವನ್ನು ಕುರ್ಚಿಯಲ್ಲಿ ಕೂತು ನೋಡಿರಲಿಲ್ಲ. ಅಡುಗೆಮನೆಯೊಳಗಿನಿಂದ ಕೇಳುತ್ತಿದ್ದದ್ದು ಬರೀ ಗುಜುಗುಜು. ಎಷ್ಟು ಕಪ್ ಕಾಫಿ ಖಾಲಿಯಾಯಿತು ಎಂಬುದರ ಆಚೆಗೆ ಅದಕ್ಕೆ ಅರ್ಥವಿರುತ್ತದೆ ಎಂದು ಅವಳು ಯೋಚಿಸಿದವಳೇ ಅಲ್ಲ. ಈಗ ಕೂತಲ್ಲಿಗೆ ಮಾತುಗಳು ಬಿಡಿಬಿಡಿಯಾಗಿ ಕೇಳಿಸತೊಡಗಿದವು, ಎಲ್ಲವೂ ಮಿಲ್ಟನ್ನನ ಸುತ್ತ. ಮಿಲ್ಟನ್ ಯಾರದೋ ಟ್ರ್ಯಾಕ್ಟರನ್ನು ಹಳ್ಳದಿಂದ ಎಳೆದದ್ದು. ಮಿಲ್ಟನ್ ಇಸ್ಪೀಟಿನಲ್ಲಿ ಮೋಸ ಮಾಡಲು ಹೋಗಿ ತಾನೇ ಸೋತದ್ದು. ಹೀಗೆ ಪ್ರತಿ ಸಾವಿನಲ್ಲೂ ಇಲ್ಲಿ ಮಾತು ನಡೆದಿರಬೇಕು, ತಾನು ಗೋಡೆಯಾಚೆ ಬೆಣ್ಣೆ ಸವರುತ್ತಾ ನಿಂತಿದ್ದೆ, ಎಂದುಕೊಂಡಳು.

ಗೋಧಿ ಮಂಡಿಯ ಪಾಮರ್ ಎದುರು ಬಂದು ಕೂತ. ಹೆಚ್ಚು ಮಾತಾಡದ ಮನುಷ್ಯ, ಕೈಯಲ್ಲಿದ್ದ ಟೋಪಿಯನ್ನು ಎರಡು ಸುತ್ತು ತಿರುಗಿಸಿದ.

“ಆರ್ಲಿಸ್, ಒಂದು ವಿಷಯ. ಹೇಳ್ಬೇಡ ಅಂದಿದ್ದ ಅವನು.”

“ಈಗ ಹೇಳು. ಅವನೇನು ಬಂದು ಕೇಳ್ತಾನಾ?”

“ಪ್ರತಿ ಊಟದ ದಿನ ನಿಮ್ಮನ್ನ ಕರ್ಕೊಂಡು ಹೋಗೋಕೆ ಟ್ರಕ್ಕಲ್ಲಿ ಕಾಯ್ತಿದ್ನಲ್ಲ. ನಿಮ್ಮ ಖಾಲಿ ಟ್ರೇಗಳನ್ನ ಲಾವೋನ್ ಮೊದ್ಲೇ ತಂದು ಟ್ರಕ್ಕಲ್ಲಿ ಇಡ್ತಿದ್ಲು. ನೀವು ಬರೋದ್ರೊಳಗೆ ಅವನು ಅಂಚಿನ ಕರಕಲನ್ನೆಲ್ಲ ಚಾಕುವಿಂದ ಕೆರೆದು ತಿಂದಿರ್ತಿದ್ದ. ಮನೇಲಿ ನೀವು ಕರಕಲು ಕತ್ತರಿಸಿ ಬಿಸಾಕ್ತೀರಂತೆ. ನಂಗೂ ಒಂದೆರಡು ಸಲ ಕೊಟ್ಟಿದ್ದ. ಮಾರನೇ ದಿನ ಮಂಡಿಗೆ ಬಂದು, ನಿನ್ನೆ ನಮ್ಮಾಕೆ ನೂರಮೂವತ್ತು ಜನಕ್ಕೆ ಹಾಕಿದ್ಲು, ಒಬ್ಬರಿಗೂ ಕಮ್ಮಿ ಬೀಳ್ಲಿಲ್ಲ, ಅಂತ ಎಲ್ಲರಿಗೂ ಹೇಳೋನು.”

ಮಿಲ್ಟನ್ ಮನೆಯಲ್ಲಿ ಅವಳ ಅಡುಗೆಯ ಬಗ್ಗೆ ಆಡಿದ ಅತಿ ದೊಡ್ಡ ಮಾತು “ಪರವಾಗಿಲ್ಲ” ಎಂಬುದು. ಟ್ರೇಗಳು ಮನೆಗೆ ಅಷ್ಟು ಚೊಕ್ಕಟವಾಗಿ ಬರುತ್ತಿದ್ದದ್ದು ಲಾವೋನ್ ಒಳ್ಳೆಯತನದಿಂದ ಕೆರೆದಿಟ್ಟದ್ದಕ್ಕೆ ಎಂದು ನಂಬಿ, ಪ್ರತಿ ಕ್ರಿಸ್‌ಮಸ್ಸಿಗೂ ಅವಳಿಗೆ ಒಂದು ಡಬ್ಬಿ ಬಿಸ್ಕತ್ತು ಕಳಿಸಿದ್ದಳು. ಲಾವೋನ್ ಯಾಕೆ ಏನು ಎಂದು ಕೇಳದೆ ತಿಂದಿದ್ದಳು. ಆರ್ಲಿಸಳಿಗೆ ನಗು ಬಂತು. ನಗುತ್ತಲೇ ನಾಲ್ಕು ದಿನದಿಂದ ತಡೆದಿದ್ದ ಅಳುವೂ ಬಂತು. ಕೈಚೀಲದಲ್ಲಿ ಕರವಸ್ತ್ರವಿರಲಿಲ್ಲ. ಪಾಮರ್ ಗಾಬರಿಯಾಗಿ ತನ್ನ ಟೋಪಿಯನ್ನೇ ಮುಂದೆ ಚಾಚಿದ.

ಅಷ್ಟರಲ್ಲಿ ಲಾವೋನ್ ಹಾಟ್‌ಡಿಶ್ ಟ್ರೇ ಹಿಡಿದು ಬಂದಳು. ನಮ್ಮಲ್ಲಿ ಬಡಿಸಲು ಬಂದವರಿಗೆ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ “ಅಷ್ಟು ಹೇಳಿದ ಮೇಲೆ ಒಂದು ಚೂರು” ಎನ್ನಬೇಕು. ಲಾವೋನ್ ಆ ಮೂರಕ್ಕೂ ಸಿದ್ಧಳಾಗಿ ಬಾಯಿ ತೆರೆದಳು. ಆರ್ಲಿಸ್ ಅಷ್ಟರೊಳಗೆ ತಟ್ಟೆ ಚಾಚಿದ್ದಳು.

“ಆ ಮೂಲೇದು ಹಾಕು. ಸುಟ್ಟಿರೋದು.”

“ಸುಟ್ಟಿರೋದಾ? ನೀನಾ?”

“ಹೂಂ ಕಣೇ. ಜಾಸ್ತೀನೇ ಹಾಕು.”

ಲಾವೋನ್ ಸೌಟಿನಿಂದ ಮೂಲೆಯನ್ನು ಕೆರೆದು ಹಾಕಿದಳು. ಆರ್ಲಿಸ್ ಒಂದೊಂದೇ ಚೂರನ್ನು ನಿಧಾನವಾಗಿ ಅಗಿದು ತಿಂದಳು, ಕೂತುಕೊಂಡೇ.