ಐವತ್ತೆಂಟು ಕೆಜಿಯ ಸ್ಪ್ರಿಂಗು

ಊರಿನ ಅರ್ಧ ಜನರ ರಕ್ತ ಹೀರಿಯೂ ಒಬ್ಬರ ಶಾಪವನ್ನೂ ಕಟ್ಟಿಕೊಳ್ಳದ ಹೆಂಗಸೆಂದರೆ ಸೊಳ್ಳೆಯಕ್ಕ. ಮನೆಮನೆಗೆ ಹೋಗಿ ರಕ್ತ ತೆಗೆದು, ಪರೀಕ್ಷೆಗೆಂದು ಲ್ಯಾಬಿಗೆ ತಂದುಕೊಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ, ಒಬ್ಬರಿಗೆ ಒಂದೇ ಚುಚ್ಚು. ನರ ಸಿಗದೆ ಎರಡನೆಯ ಸಲ ಚುಚ್ಚಬೇಕಾಗಿ ಬಂದದ್ದು ಒಟ್ಟು ಏಳು ಬಾರಿ. ಆ ಏಳರಲ್ಲೂ ತಪ್ಪು ನರದ್ದೇ ಎಂಬುದು ಅವಳ ತೀರ್ಮಾನ. "ಸೊಳ್ಳೆಯಾದರೂ ಕಚ್ಚಿದ ಮೇಲೆ ಗೊತ್ತಾಗುತ್ತೆ, ಈಯಮ್ಮ ಎದ್ದು ಹೋದ್ರೂ ಗೊತ್ತಾಗಲ್ಲ" ಎಂದು ಯಾರೋ ಹೊಗಳಿದ್ದೇ ಹೆಸರಾಗಿ ಅಂಟಿಕೊಂಡಿತ್ತು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಕೈಗುಣ ಎಂಬ ಒಂದು ಆಸ್ತಿ ಬಿಟ್ಟರೆ ಅವಳು ಬೇರೇನನ್ನೂ ಸಂಪಾದಿಸಿರಲಿಲ್ಲ, ಸ್ವಲ್ಪ ಮೈಯನ್ನು ಹೊರತುಪಡಿಸಿ.

ಆ ಮೈಯ ವಿಷಯ ಬಲ್ಲವನು ಗಂಡ. ಅವನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡವನು. ಹೆಂಡತಿಯ ಬಿಳಿ ಕೋಟನ್ನು ಇಷ್ಟು ವರ್ಷಗಳಲ್ಲಿ ಆರು ಸಲ ಹೊಸದಾಗಿ ಹೊಲಿದಿದ್ದ. ಪ್ರತಿ ಸಲವೂ ಹಿಂದಿನದಕ್ಕಿಂತ ಒಂದೆರಡು ಬೆರಳು ಅಗಲ. ಆದರೆ ಮೊಟ್ಟಮೊದಲ ಕೋಟಿನ ಕುತ್ತಿಗೆಯಲ್ಲಿದ್ದ 'ಸಣ್ಣ ಅಳತೆ' ಎಂಬ ಪಟ್ಟಿಯನ್ನು ಜೋಪಾನವಾಗಿ ಬಿಚ್ಚಿ ಹೊಸ ಕೋಟಿಗೆ ಹೊಲಿಯುತ್ತ ಬಂದಿದ್ದ. ಅದರಿಂದಾಗಿ ಕೋಟು ಬೆಳೆದರೂ ಅಳತೆ ಬೆಳೆಯಲಿಲ್ಲ. ಸಂಸಾರ ಹರಿಯದಂತೆ ಹೊಲಿಯುವ ವಿದ್ಯೆ ಅವನಿಗೆ ಚೆನ್ನಾಗಿ ಕೈಹತ್ತಿತ್ತು.

ಮೂರು ತಿಂಗಳ ಹಿಂದೆ ಲ್ಯಾಬು ಊರಿನ ಆ ತುದಿಗೆ ಹೋಯಿತು. ನಡೆದು ಪೂರೈಸುವ ದೂರವಲ್ಲವೆಂದು ಲ್ಯಾಬಿನವರೇ ಅವಳಿಗೊಂದು ಎಲೆಕ್ಟ್ರಿಕ್ ಸೈಕಲ್ ಕೊಟ್ಟರು. ನೋಡಲು ಸೊಗಸು, ಗುಂಡಿ ಒತ್ತಿದರೆ ಸುಯ್ಯನೆ ಓಡುತ್ತದೆ. ಆದರೆ ಮುಂದೆ ಸ್ಪ್ರಿಂಗಿಲ್ಲ, ಹಿಂದೆ ಸ್ಪ್ರಿಂಗಿಲ್ಲ, ಸೀಟೋ ಬಾಗಿಲಿನ ಚಿಲಕದಷ್ಟು ಮೆತ್ತಗೆ. ದಾರಿಯುದ್ದಕ್ಕೂ ನೀರಿನ ಪೈಪಿಗೆಂದು ಅಗೆದು, ಮುಚ್ಚಿ, ಮುಚ್ಚಿದ್ದು ಸಾಲದೆಂದು ಮತ್ತೆ ಅಗೆದಿದ್ದರು. ಕಾಲಿಗೆ ತುಳಿಯುವ ಕಷ್ಟ ತಪ್ಪಿತು, ಸೊಂಟಕ್ಕೆ ಕುಟ್ಟಿಸಿಕೊಳ್ಳುವ ಕಷ್ಟ ಬಂತು.

ಕುಟ್ಟಿಸಿಕೊಂಡದ್ದು ಸೊಂಟವೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ರಕ್ತದ ಕೊಳವೆಯನ್ನು ಲ್ಯಾಬಿನ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪೆಲ್ಲ ತಳಕ್ಕಿಳಿದು ಮೇಲೆ ಹೊಂಬಣ್ಣದ ತಿಳಿ ನಿಲ್ಲಬೇಕು. ಕುಲುಕಿ ರಕ್ತದ ಕಣ ಒಡೆದಿದ್ದರೆ ತಿಳಿಯೂ ಕೆಂಪು. ಆಗ ಅಳೆದದ್ದೆಲ್ಲ ಸುಳ್ಳಾಗುತ್ತದೆ. ಮತ್ತೆ ಹೋಗಿ ಮತ್ತೆ ಚುಚ್ಚಬೇಕು. ಸೊಳ್ಳೆಯಕ್ಕನ ಕೊಳವೆಗಳು ವಾರಕ್ಕೆ ನಾಲ್ಕೈದು ಕೆಂಪಾಗತೊಡಗಿದವು. ನಿವೃತ್ತ ಗಣಿತದ ಟೀಚರಜ್ಜಿಯದಂತೂ ಎರಡು ಸಲ ಕೆಂಪಾಯಿತು. ಅಜ್ಜಿಯ ಹೃದಯದ ಮಾತ್ರೆ ಎಷ್ಟು ಕೊಡಬೇಕೆಂದು ಡಾಕ್ಟರು ಆ ಒಂದು ವರದಿಗೇ ಕಾದು ಕೂತಿದ್ದರು.

ಲ್ಯಾಬಿನ ಮೇಡಂ ಸೊಳ್ಳೆಯಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಮಾತ್ರ ಹಳೆಯದು.

"ಕೈ ನಡುಗ್ತಿದೆಯಾ?"

"ಇಲ್ಲ ಮೇಡಂ. ರಸ್ತೆ ನಡುಗ್ತಿದೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕಾಗೇ ಇದೆ ಮೇಡಂ, ಬಂದು ನೋಡಿ."

ಮೇಡಂ ನೋಡಲು ಬರಲಿಲ್ಲ, ಆದರೆ ಒಂದು ಅವಕಾಶ ಕೊಟ್ಟರು. ಸೈಕಲ್ಲಿಗೆ ಏನು ಬೇಕೋ ಹಾಕಿಸಿಕೊಳ್ಳಲಿ. ಆಮೇಲೂ ಕೆಂಪಾದರೆ ತಪ್ಪು ಕೈಯದೇ. ಆಗ ಸೂಜಿ ಕೆಳಗಿಟ್ಟು ಕೌಂಟರಿನಲ್ಲಿ ಕೂತು ಚೀಟಿ ಬರೆಯುವುದು.

ಸೈಕಲ್ ರಿಪೇರಿಯವರನ್ನು ಇಡೀ ಬೀದಿ ನಟ್ಟು ಮಾವ ಎನ್ನುತ್ತಿತ್ತು. ಮೆಟ್ಟಿಲ ಕೆಳಗಿನ ಅಂಗಡಿ. ಒಳಗೆ ಒಬ್ಬರು ಬಗ್ಗಿ ನಿಲ್ಲಬಹುದು, ಉಳಿದವರು ಹೊರಗೆ ಸಾಲಾಗಿ. ಅವರು ಸೈಕಲ್ಲನ್ನು ಒಂದು ಸುತ್ತು ಓಡಿಸಿ ಬಂದು ತಮ್ಮ ಸೊಂಟ ಹಿಡಿದುಕೊಂಡರು.

"ಇದು ಸೈಕಲ್ಲಲ್ಲ ತಾಯಿ, ಒರಳು. ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಫೋರ್ಕ್ ಹಾಕ್ತೀನಿ. ಟೈರು ಅಗಲದ್ದು, ಗಾಳಿ ಸ್ವಲ್ಪ ಕಮ್ಮಿ. ಸೀಟಿನ ಕಂಬ ಸ್ಪ್ರಿಂಗಿಂದು. ಆ ರಕ್ತದ ಡಬ್ಬಿ ಕ್ಯಾರಿಯರ್ ಮೇಲೆ ಬೇಡ, ಬೆನ್ನಿಗೆ ಹಾಕ್ಕೊಳ್ಳಿ. ನೀವು ಕುಲುಕಲಿಲ್ಲ ಅಂದ್ರೆ ಅದೂ ಕುಲುಕಲ್ಲ." ಇಷ್ಟು ಹೇಳಿ ಸ್ಪ್ರಿಂಗುಗಳ ಡಬ್ಬಕ್ಕೆ ಕೈಹಾಕಿ, ಬೀದಿಗೆಲ್ಲ ಕೇಳುವಂತೆ, "ತೂಕ ಎಷ್ಟು?" ಎಂದರು.

ಸೊಳ್ಳೆಯಕ್ಕನ ಹಿಂದೆ ಪಂಕ್ಚರಾದ ಚಕ್ರ ಹಿಡಿದು ಬೇಕರಿಯವನು ನಿಂತಿದ್ದ. ಅವನ ಹಿಂದೆ ಪಕ್ಕದ ಮನೆಯಾಕೆ. ಅವಳ ಕಿವಿ ಬಿಸಿಲಿಗೆ ಅರಳಿದ ಹೂವಿನಂತಿತ್ತು.

"ಐವತ್ತೆಂಟು" ಎಂದಳು ಸೊಳ್ಳೆಯಕ್ಕ.

ಸುಳ್ಳೇನಲ್ಲ, ಮದುವೆಯ ವರ್ಷ ಅಷ್ಟೇ ಇತ್ತು.

ನಟ್ಟು ಮಾವ ನಂಬಿ ಬಿಡುವವರಲ್ಲ. ಸ್ಪ್ರಿಂಗು ಕೂರಿಸಿ, ಸೀಟಿನ ಕಂಬಕ್ಕೊಂದು ರಬ್ಬರ್ ಉಂಗುರ ತೊಡಿಸಿ, "ಕೂತ್ಕೊಳ್ಳಿ. ಒಂದು ಬೆರಳು ಇಳಿದರೆ ಸ್ಪ್ರಿಂಗ್ ಸರಿ, ಅದಕ್ಕಿಂತ ಇಳಿದರೆ ಬೇರೆ ಹಾಕಬೇಕು" ಎಂದರು. ಸೊಳ್ಳೆಯಕ್ಕ ಕೂತಳು, ಕೂತಂತೆ ಕಂಡಳು. ಎಡಗೈ ಗೋಡೆಗೆ, ಬಲಗಾಲಿನ ಹೆಬ್ಬೆರಳು ನೆಲಕ್ಕೆ, ಉಸಿರು ಗಂಟಲಿಗೆ. ಉಂಗುರ ಒಂದೇ ಒಂದು ಬೆರಳು ಇಳಿಯಿತು.

"ಅಚ್ಚುಕಟ್ಟು" ಎಂದರು ನಟ್ಟು ಮಾವ, ಹಣೆ ಒರೆಸಿಕೊಳ್ಳುತ್ತಿದ್ದ ಗಿರಾಕಿಯತ್ತ ನೋಡದೆ.

ಮಾರನೆಯ ದಿನ ಟೀಚರಜ್ಜಿಗೆ ಮೂರನೆಯ ಚುಚ್ಚು. ಅಜ್ಜಿ ತೋಳು ಚಾಚಿ, "ಬಾರೇ ಸೊಳ್ಳೆ. ಇನ್ನೆಷ್ಟು ಸಲ ತಗೋತೀಯೋ ಹೇಳಿಬಿಡು, ಭಾಗಿಸಿ ಇಟ್ಕೋತೀನಿ" ಎಂದಳು.

"ಇದೇ ಕೊನೇದು ಅಜ್ಜಿ."

"ಹೋದ ಸಲವೂ ಅದನ್ನೇ ಅಂದಿದ್ದೆ."

ದಾರಿಯಲ್ಲಿ ಫೋರ್ಕು ಬಳುಕಿತು, ಟೈರು ತಗ್ಗು ದಿಣ್ಣೆಗಳನ್ನು ನುಂಗಿತು. ಸೀಟಿನ ಸ್ಪ್ರಿಂಗು ಮಾತ್ರ ಅವಳು ಕೂತೊಡನೆ ಪೂರ್ತಿ ಕುಸಿದು ಮಲಗಿಬಿಟ್ಟಿತು. ಪ್ರತಿ ಗುಂಡಿಗೂ ತಳದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದು ಟಕ್, ಟಕ್. ಆ ಏಟು ಬೆನ್ನುಮೂಳೆಯ ಒಂದೊಂದೇ ಮೆಟ್ಟಿಲು ಹತ್ತಿ ಬೆನ್ನ ಮೇಲಿನ ಡಬ್ಬಿಯ ಕದ ತಟ್ಟುತ್ತಿತ್ತು. ಟಕ್ ಎಂದಾಗಲೆಲ್ಲ ಯಾರೋ 'ಐವತ್ತೆಂಟಾ?' ಎಂದು ಕೇಳಿದ ಹಾಗಾಗುತ್ತಿತ್ತು.

ಲ್ಯಾಬಿನಲ್ಲಿ ನೋಡಿದರೆ ಕೊಳವೆಯ ತಿಳಿ ಮತ್ತೆ ಕೆಂಪಾಗಿತ್ತು. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸೋಮವಾರದಿಂದ ಕೌಂಟರಿಗೆ ಬನ್ನಿ. ಎಲ್ಲರ ಕೈಯೂ ಒಂದು ದಿನ ಸೋಲುತ್ತೆ ಅಕ್ಕ" ಎಂದರು. ಮೊದಲ ಸಲ ಅಕ್ಕ ಅಂದಿದ್ದರು. ಅದೇ ಹೆಚ್ಚು ಚುಚ್ಚಿತು.

ಮನೆಗೆ ಬಂದು ಗಂಡನ ಹೊಲಿಗೆಯಂತ್ರದ ಎದುರು ಸ್ಟೂಲ್ ಎಳೆದು ಕೂತಳು.

"ರೀ, ನಾನೆಷ್ಟು ತೂಕ ಇರಬಹುದು?"

ಯಂತ್ರ ನಿಂತಿತು. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಇಂಥ ಗುಂಡಿಗಳನ್ನೆಲ್ಲ ಸುತ್ತು ಹಾಕಿ ದಾಟಿದವನು ಅವನು.

"ನಾನು ಅಳತೆಯವನು ಕಣೇ, ತೂಕ ನನ್ನ ಇಲಾಖೆ ಅಲ್ಲ."

"ಈ ಕೋಟಿನ ಪಟ್ಟಿ ಹಳೇದು ಅಂತ ನಂಗೆ ಗೊತ್ತಿಲ್ವಾ? ಅದರ ದಾರದ ಬಣ್ಣವೇ ಬೇರೆ ಇದೆ."

ಅವನು ಸೂಜಿಗೆ ದಾರ ಪೋಣಿಸುವ ನೆಪ ಮಾಡಿದ. ದಾರ ಮೊದಲೇ ಪೋಣಿಸಿಯಾಗಿತ್ತು. "ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವು ಅಷ್ಟು ಕಷ್ಟಪಟ್ಟು ಹೊಲಿದಿದ್ರಿ. ಯಾಕೆ ಬಿಚ್ಚೋದು ಅಂತ." ಅವಳು ತನ್ನ ಬಲಗೈಯನ್ನು ಬೆಳಕಿಗೆ ಚಾಚಿ ನೋಡಿಕೊಂಡಳು. ಒಂದಿಷ್ಟೂ ನಡುಗುತ್ತಿರಲಿಲ್ಲ. "ನನ್ನ ಸುಳ್ಳಿಗೆ ಈ ಕೈ ಯಾಕೆ ಕೆಟ್ಟ ಹೆಸರು ಹೊರಬೇಕು, ಹೇಳಿ."

ಶನಿವಾರ ಬೆಳಿಗ್ಗೆ ನಟ್ಟು ಮಾವನ ಅಂಗಡಿಯೆದುರು ಸಾಲು ಇತ್ತು. ಸೊಳ್ಳೆಯಕ್ಕನ ಹಣೆಬರಹಕ್ಕೆ ಪಕ್ಕದ ಮನೆಯಾಕೆಯೂ ಇದ್ದಳು, ಬೇಕರಿಯವನೂ ಇದ್ದ. ಸಾಲು ಖಾಲಿಯಾಗಲೆಂದು ಕಾಯಬಹುದಿತ್ತು; ಕಾದರೆ ಟೀಚರಜ್ಜಿಯ ಮನೆಗೆ ತಡ.

"ಮಾವ, ಸೀಟಿನ ಸ್ಪ್ರಿಂಗ್ ಬದಲಾಯಿಸಿ. ಎಪ್ಪತ್ತಾರು."

"ಎಪ್ಪತ್ತಾರು ಏನು?"

"ಕೆಜಿ. ನಾನು. ಲ್ಯಾಬಿನ ತೂಕದ ಮಿಷನ್ ಮೇಲೆ ನಿಂತು ಬಂದಿದೀನಿ, ಚಪ್ಪಲಿ ಬಿಟ್ಟು."

ಪಕ್ಕದ ಮನೆಯಾಕೆ ಆಕಾಶದಲ್ಲಿ ಏನನ್ನೋ ಹುಡುಕಿದಳು. ನಟ್ಟು ಮಾವ ಎರಡು ಬೆರಳ ದಪ್ಪದ ಸ್ಪ್ರಿಂಗೊಂದನ್ನು ಎತ್ತಿ, ಧೂಳು ಊದಿ, ಕೂರಿಸಿದರು. ಟೈರಿಗೆ ಇನ್ನೆರಡು ಸಲ ಗಾಳಿ ಒತ್ತಿದರು. ಈ ಸಲ ಅವಳು ಎರಡು ಕೈಯನ್ನೂ ಮಡಿಲಲ್ಲಿಟ್ಟು, ಎರಡು ಕಾಲನ್ನೂ ಪೆಡಲಿನ ಮೇಲಿಟ್ಟು, ಆರಾಮವಾಗಿ ಕೂತಳು. ಮಾವ ಹ್ಯಾಂಡಲ್ ಹಿಡಿದು ನಿಂತರು. ಉಂಗುರ ಒಂದು ಬೆರಳು ಇಳಿದು ನಿಂತಿತು.

"ಮೊನ್ನೆ ಗೋಡೆ ಹಿಡ್ಕೊಂಡಿದ್ರಿ ಅಲ್ವಾ?" ಎಂದರು ಮಾವ ಮೆಲ್ಲಗೆ.

"ಗೋಡೇನೂ ಹಿಡ್ಕೊಂಡಿದ್ದೆ, ಉಸಿರೂ ಹಿಡ್ಕೊಂಡಿದ್ದೆ."

ಹಿಂದಿನಿಂದ ಬೇಕರಿಯವನು ಕೆಮ್ಮಿದ. "ಮಾವ, ನನ್ನ ಸೀಟಿನ ಸ್ಪ್ರಿಂಗಿಗೆ ಎಪ್ಪತ್ತು ಅಂದಿದ್ನಲ್ಲ, ಅದನ್ನೂ ಸ್ವಲ್ಪ ತಿದ್ದಿಕೊಳ್ಳಿ."

"ಎಷ್ಟಕ್ಕೆ?"

"ತೊಂಬತ್ತಕ್ಕೆ. ಮಾಲಿನ ಬುಟ್ಟಿ ಬಿಟ್ಟು."

ಟೀಚರಜ್ಜಿ ಈ ಸಲ ತಮಾಷೆ ಮಾಡಲಿಲ್ಲ, ತೋಳು ಚಾಚಿ ಕಿಟಕಿಯತ್ತ ತಿರುಗಿದಳು. ಒಂದು ನಿಮಿಷದ ಮೇಲೆ, "ಚುಚ್ಚೇ, ಯಾಕೆ ಕಾಯ್ತಿದೀಯ" ಎಂದಳು. ಸೊಳ್ಳೆಯಕ್ಕ ಆಗಲೇ ಹತ್ತಿ ಒತ್ತಿ, ಕೊಳವೆಯ ಮೇಲೆ ಹೆಸರು ಬರೆಯುತ್ತಿದ್ದಳು.

ಅಗೆದ ರಸ್ತೆ ಹಾಗೆಯೇ ಇತ್ತು. ಗುಂಡಿ ಬಂದಾಗ ಸೈಕಲ್ಲು ಕುಸಿಯಿತು, ಎದ್ದಿತು, ಮುಂದೆ ಹೋಯಿತು. ಟಕ್ ಇಲ್ಲ. ಅವಳು ನಡುವೆ ಒಮ್ಮೆ ಬೇಕೆಂದೇ ಒಂದು ಗುಂಡಿಗೆ ಇಳಿಸಿ ನೋಡಿದಳು. ಆಮೇಲೆ ಬೆನ್ನ ಮೇಲಿನ ಡಬ್ಬಿಯಲ್ಲಿ ಅಜ್ಜಿ ಇದ್ದಾಳೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಯಂತ್ರ ತಿರುಗಿ ನಿಂತಾಗ ಮೇಡಂ ಕೊಳವೆ ಎತ್ತಿ ಬೆಳಕಿಗೆ ಹಿಡಿದರು. ಕೆಳಗೆ ಕೆಂಪು, ಮೇಲೆ ಜೇನಿನಂಥ ತಿಳಿ. ಅವರು ಕೊಳವೆಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ಏನು ಮಾಡಿದ್ರಿ?"

"ಸೀಟಿನ ಸ್ಪ್ರಿಂಗ್ ಬದಲಾಯಿಸಿದೆ."

"ಮೊನ್ನೆ ತಾನೇ ಹೊಸದು ಹಾಕಿಸಿದ್ರಲ್ಲ. ಅದಕ್ಕೇನಾಗಿತ್ತು?"

ಸೊಳ್ಳೆಯಕ್ಕ ಸೂಜಿಯ ಪೆಟ್ಟಿಗೆಗೆ ಸೋಮವಾರದ ಕೊಳವೆಗಳನ್ನು ಎಣಿಸಿ ತುಂಬುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಅದಕ್ಕೇನೂ ಆಗಿರಲಿಲ್ಲ ಮೇಡಂ. ಅದಕ್ಕೆ ನಾನು ಸುಳ್ಳು ಹೇಳಿದ್ದೆ."